ದಾಳಿಂಬರಿಯವರ ಸೋಲಿಗೆ ಕಟ್ಟಿದ ಮುಡಿಪು

ನನ್ನ ಅಕ್ಕ ಶಾರದವ್ವನಿಗೆ ಫುಟ್‌ಬಾಲ್ ತಂಡಗಳ ಹೆಸರು ನಾಲಿಗೆಗೆ ಹತ್ತುವುದಿಲ್ಲ. ನೇಕಾರಳಲ್ಲವೇ, ಅಂಗಿಯ ಬಣ್ಣದ ಮೇಲೆ ಗುರುತು ಹಿಡಿಯುತ್ತಾಳೆ. ಅವಳ ಮಗ ಫಕೀರೇಶ ಗೋಲು ಕಾಯುವ ತಂಡ ಗಿಣಿಹಸಿರಿನವರದು. ಟಿವಿಯವರು ಸುಮ್ಮನೆ ಕೆಂಪು ತಂಡ ಎನ್ನುವುದು ಅವಳ ಬಾಯಲ್ಲಿ ದಾಳಿಂಬರಿಯವರು. "ಕೆಂಪು ಅಂದ್ರ ಯಾವ ಕೆಂಪಲೇ? ಕೆಂಪಿನಾಗ ಹತ್ತು ನಮೂನಿ ಅದಾವು" ಎಂದು ನನ್ನನ್ನೇ ಬೈಯುತ್ತಾಳೆ. ಬಣ್ಣದ ವಿಷಯದಲ್ಲಿ ಅವಳ ಜೊತೆ ವಾದಕ್ಕೆ ಇಳಿದವನು ಮೂರ್ಖ. ನಾನು ಬಹಳ ಸಲ ಇಳಿದಿದ್ದೇನೆ.

ನಾನು ಚನ್ನಬಸವಣ್ಣ. ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿ ದುಡಿದು, ವಯಸ್ಸಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು, ಈಗ ಬೆಟಗೇರಿಯಲ್ಲಿ, ಅಕ್ಕನ ಮನೆಯಿಂದ ಮೂರು ಬಾಗಿಲು ದಾಟಿ, ಸುಮ್ಮನೆ ಕೂತಿದ್ದೇನೆ. ಸುಮ್ಮನೆ ಅಂದರೆ ಮೈ ಸುಮ್ಮನಿದೆ, ಬಾಯಿ ಇಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಓಣಿಯವರು ಹೇಳುತ್ತಾರೆ. ನಾಲ್ಕು ಸೀಟಿನ ಮೇಲೆ ಟವೆಲ್ ಹಾಸಿ ಊರಿಗೆಲ್ಲ ಜಾಗ ಹಿಡಿಯುವವರನ್ನು ಇಪ್ಪತ್ತೊಂಬತ್ತು ವರ್ಷ ನೋಡಿದವನಿಗೆ ಸಿಟ್ಟು ಬಾರದೆ ಇನ್ನೇನು ನಗು ಬರುತ್ತದೆಯೇ? ಆ ನೌಕರಿ ನನಗೆ ಸಿಟ್ಟಿನ ಜೊತೆಗೆ ಇನ್ನೊಂದು ಚಟವನ್ನೂ ಅಂಟಿಸಿತು. ಏನೇ ನಡೆದರೂ ಕೈಗಡಿಯಾರ ನೋಡಿಕೊಳ್ಳುವುದು. ಯಾರಾದರೂ ಸತ್ತ ಸುದ್ದಿ ಬಂದರೂ ಮೊದಲು ಗಡಿಯಾರ ನೋಡುತ್ತೇನೆ.

ಅಕ್ಕ ಮತ್ತು ನಾನು ಹುಟ್ಟಿದ್ದು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಲ್ಲಿ. ಅವಳಿಗೆ ಹದಿನೆಂಟಕ್ಕೆ ಬೆಟಗೇರಿಯ ಗವಿಸಿದ್ದಪ್ಪನ ಜೊತೆ ಮದುವೆ ಮಾಡಿದರು. ಮಗ್ಗದ ಮನೆ. ಮನೆಯ ಅರ್ಧ ಭಾಗ ಮಗ್ಗಕ್ಕೆ, ಉಳಿದ ಅರ್ಧದಲ್ಲಿ ಆರು ಜನ. ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಅತ್ತೆ ಕರೆದುಕೊಂಡು ಹೋಗಿ ಶಿರಹಟ್ಟಿ ಫಕೀರಜ್ಜನ ಗದ್ದಿಗೆಯ ಮುಂದೆ ಹರಕೆ ಹೊರಿಸಿದಳು. ಮರುವರ್ಷವೇ ಗಂಡು ಹುಟ್ಟಿತು. ಹೆಸರು ಬೇರೆ ಯಾವುದು ಇಟ್ಟಾರು, ಫಕೀರೇಶ ಎಂದೇ ಇಟ್ಟರು. ಅಕ್ಕನ ಹರಕೆಗಳ ಕಥೆ ಶುರುವಾಗಿದ್ದು ಅಲ್ಲಿಂದ.

ಹುಡುಗನಿಗೆ ಆರು ವರ್ಷವಿದ್ದಾಗ ಗವಿಸಿದ್ದಪ್ಪ ಸತ್ತ. ಲಕ್ಷ್ಮೇಶ್ವರಕ್ಕೆ ಕುಸ್ತಿ ನೋಡಲು ಸೈಕಲ್ ಮೇಲೆ ಹೋದವನು ತಿರುಗಿ ಬರುವಾಗ ಲಾರಿಗೆ ಸಿಕ್ಕ. ಅಕ್ಕ ಹದಿಮೂರು ದಿನ ಮೂಲೆಯಲ್ಲಿ ಕೂತಿದ್ದು ಹದಿನಾಲ್ಕನೆಯ ದಿನ ಗಂಡನ ಮಗ್ಗಕ್ಕೆ ಕೂತಳು. ಮಾವ ಮಾತಿಲ್ಲದೆ ಕಲಿಸಿದ, ಇವಳು ಮಾತಿಲ್ಲದೆ ಕಲಿತಳು. ಎರಡು ವರ್ಷದಲ್ಲಿ ಅವಳ ಸೆರಗಿನ ಅಂಚು ನೋಡಿ ವ್ಯಾಪಾರಸ್ಥರು ಹೆಸರು ಹಿಡಿದು ಕೇಳುವಂತಾಯಿತು. ಪಕ್ಕದ ಮನೆಯ ಶಮಶಾದಬಿ ಅಂದಿನಿಂದ ಇಂದಿನವರೆಗೂ ಅವಳಿಗೆ ನೂಲು ಸುತ್ತಿಕೊಡುತ್ತಾಳೆ. ಇಬ್ಬರೂ ದಿನಕ್ಕೆ ಎರಡು ಸಲ ಜಗಳಾಡಿ ನಾಲ್ಕು ಸಲ ಚಹಾ ಕುಡಿಯುತ್ತಾರೆ.

ಫಕೀರೇಶನನ್ನು ಹನ್ನೆರಡನೆಯ ವಯಸ್ಸಿಗೆ ಕ್ರೀಡಾ ಹಾಸ್ಟೆಲ್ಲಿಗೆ ಸೇರಿಸಿದವನು ನಾನು. ಆಟದ ಮೇಲಿನ ಪ್ರೀತಿಗಲ್ಲ, ಅಲ್ಲಿ ಮೂರು ಹೊತ್ತು ಊಟ ಹಾಕುತ್ತಾರೆ ಎಂಬುದಕ್ಕೆ. ಬೇರೆ ಹುಡುಗರೆಲ್ಲ ಗೋಲು ಹೊಡೆಯುವ ಆಸೆಯವರು, ಗೋಲಿನಲ್ಲಿ ನಿಲ್ಲಲು ಯಾರೂ ಒಲ್ಲರು. ಇವನು ನಿಂತ. ನಿಂತವನು ಇವತ್ತಿಗೆ ಇಪ್ಪತ್ತು ವರ್ಷವಾಯಿತು, ನಿಂತೇ ಇದ್ದಾನೆ. ಅದರಲ್ಲಿ ಹನ್ನೊಂದು ವರ್ಷ ದೊಡ್ಡ ಕ್ಲಬ್ಬುಗಳಲ್ಲಿ ಎರಡನೆಯ ಗೋಲ್‌ಕೀಪರನಾಗಿ ಬೆಂಚಿನ ಮೇಲೆ ಕೂತಿದ್ದ, ಆ ಮಾತು ಬೇರೆ. ಗಿಣಿಹಸಿರಿನವರು ಕರೆದ ಮೇಲೆಯೇ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವನು ಇಡೀ ವರ್ಷ ಆಡಿದ್ದು.

ಇನ್ನು ಅಕ್ಕನ ಹರಕೆಯ ಸಂಗತಿ. ಅವಳು ಹರಕೆ ಹೊತ್ತರೆ ಅದು ಆಗುತ್ತದೆ. ಓಣಿಯ ಮಾತು ಇದು, ನನ್ನದಲ್ಲ. ಶಮಶಾದಬಿಯ ಮಗಳ ಕಷ್ಟದ ಹೆರಿಗೆಗೆ ಮುಡಿಪು ಕಟ್ಟಿದಳು, ತಾಯಿ ಮಗು ಇಬ್ಬರೂ ಉಳಿದರು. ನನ್ನ ವರ್ಗಾವಣೆಗೆ ಕಟ್ಟಿದಳು, ಮೂರು ವರ್ಷದಿಂದ ಅಲುಗದ ಕಾಗದ ಮೂರು ವಾರದಲ್ಲಿ ಬಂತು. ಒಂದು ರೂಪಾಯಿಯನ್ನು ಅರಿಷಿಣದ ಬಟ್ಟೆಯ ಚೂರಿನಲ್ಲಿ ಗಂಟು ಹಾಕಿ ಮಗ್ಗದ ಕಂಬಕ್ಕೆ ಕಟ್ಟುತ್ತಾಳೆ, ಅಷ್ಟೇ. ಜನ ಬಂದು "ಶಾರದಕ್ಕಾ, ನಮ್ಮ ಸಲುವಾಗಿ ಒಂದು ಕಟ್ಟಬೇ" ಎಂದರೆ ಕಟ್ಟುತ್ತಾಳೆ. ಆದರೆ ಆದ ಮೇಲೆ ಅವರು ಪೇಢೆ ತಂದರೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಾಳೆ. ಇದೇನು ಕೆಟ್ಟ ಗುಣ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ.

ಈ ವರ್ಷದ ಲೀಗಿನ ಕೊನೆಯ ಪಂದ್ಯ ಗಿಣಿಹಸಿರಿನವರಿಗೂ ದಾಳಿಂಬರಿಯವರಿಗೂ ಇತ್ತು. ಗೆದ್ದವರು ಮೊದಲು, ಸೋತವರು ಎರಡನೆಯವರು. ಅಕ್ಕ, ಶಮಶಾದಬಿ, ನಾನು ಮೂವರೂ ಮಗ್ಗದ ಕಟ್ಟೆಯ ಮೇಲೆ ಶಮಶಾದಬಿಯ ಮೊಬೈಲನ್ನು ನೂಲಿನ ಡಬ್ಬಿಗೆ ಆನಿಸಿಟ್ಟು ನೋಡುತ್ತಿದ್ದೆವು. ಆಟ ಮುಗಿಯಲು ಐದು ನಿಮಿಷವಿತ್ತು. ಚೆಂಡು ಮೇಲಿಂದ ಬಂತು, ಫಕೀರೇಶ ಎಗರಿ ಹಿಡಿಯುವಷ್ಟರಲ್ಲಿ ದಾಳಿಂಬರಿಯವರ ಒಬ್ಬ ದಢೂತಿ ಆಟಗಾರ ಮೊಣಕೈ ಮುಂದೆ ಮಾಡಿ ಬಿದ್ದ. ಫಕೀರೇಶನ ಹುಬ್ಬು ಒಡೆಯಿತು, ಚೆಂಡು ಒಳಗೆ ಹೋಯಿತು. ರೆಫರಿ ಗೋಲು ಕೊಟ್ಟ. ಹುಬ್ಬಿನ ಮೇಲೆ ಆರು ಹೊಲಿಗೆ, ತಂಡ ಎರಡನೆಯ ಸ್ಥಾನ.

ನಾನು ರೆಫರಿಯ ಮೂರು ತಲೆಮಾರನ್ನು ಬೈದೆ. ಶಮಶಾದಬಿ "ಯಾ ಅಲ್ಲಾ, ರಕ್ತ ನೋಡ್ರಿ" ಎಂದು ಅತ್ತಳು. ಅಕ್ಕ ಅಳಲಿಲ್ಲ. ಎದ್ದು ಹೋಗಿ ಅರಿಷಿಣದ ಬಟ್ಟೆ ತಂದಳು, ರೂಪಾಯಿ ಗಂಟು ಹಾಕಿದಳು, ಕಂಬಕ್ಕೆ ಕಟ್ಟಿದಳು. "ನನ್ನ ಮಗನ ರಕ್ತ ಹರಿಸಿದ ಈ ದಾಳಿಂಬರಿಯವ್ರು ಮುಂದಿನ ಕಪ್ಪು ಮುಟ್ಟಬಾರ್ದು. ಸೋತು ಮಣ್ಣು ಮುಕ್ಕಬೇಕು. ಹಂಗಾತಂದ್ರ ನಾ ಬೆಟಗೇರಿಯಿಂದ ಶಿರಹಟ್ಟಿತನಾ ಬರಿಗಾಲಿಲೆ ನಡಕೊಂತ ಬರ್ತೀನಿ ಯಜ್ಜಾ" ಎಂದಳು. ಬಸ್ಸಿಗೇ ತಾಸು ಹಿಡಿಯುವ ದಾರಿ ಅದು. ಅರವತ್ತರ ಹತ್ತಿರದ ಮುದುಕಿ. ಆದರೂ ನನಗೆ ಆಗ ಭಾರಿ ಸಮಾಧಾನವೇ ಆಯಿತು. ಕಟ್ಟು ಅಕ್ಕಾ, ಇನ್ನೊಂದು ಗಂಟು ಹಾಕು ಎಂದೆ. ನೋಡಿ ನನ್ನ ಬುದ್ಧಿ!

ಹದಿನೈದು ದಿನ ಕಳೆಯಿತು. ಲೀಗು ಮುಗಿದ ಮೇಲೆ ಅದೇ ತಂಡಗಳು ಬೇರೆಯಾಗಿ ಆಡುವ, ಸೋತವರು ಅಲ್ಲಿಗೇ ಹೊರಬೀಳುವ ಕಪ್ಪಿನ ಪಂದ್ಯಗಳು ನಡೆದವು. ಗಿಣಿಹಸಿರಿನವರು ನಡುವೆಯೇ ಸೋತು ಹೊರಬಿದ್ದರು. ಫೈನಲ್ಲಿಗೆ ಬಂದವರು ದಾಳಿಂಬರಿಯವರು ಮತ್ತು ಇನ್ನೊಂದು ತಂಡ, ಅಕ್ಕ ಅರಿಷಿಣದವರು ಎನ್ನುವವರು. ಲೀಗಿನಲ್ಲಿ ಏಳನೆಯವರಾದರೂ ಕಪ್ಪಿನಲ್ಲಿ ಹುಲಿಯ ಹಾಗೆ ಆಡುತ್ತಿದ್ದರು. ಗುರುವಾರ ಫಕೀರೇಶ ಫೋನು ಮಾಡಿದ. ಅಕ್ಕ ಹುಬ್ಬಿನ ಹೊಲಿಗೆ ಬಿಚ್ಚಿಸಿದ್ದನ್ನು ವಿಚಾರಿಸಿ, ಖುಷಿಯಿಂದ ಹೇಳಿದಳು.

"ನೀ ಏನೂ ಚಿಂತಿ ಮಾಡಬ್ಯಾಡಪಾ. ಆದಿತ್ಯವಾರ ಆ ದಾಳಿಂಬರಿಯವ್ರು ಸೋತ ಸೋಲ್ತಾರ. ಮುಡಿಪು ಕಟ್ಟೀನಿ."

ಫೋನು ಕಟ್ಟಾಯಿತೆಂದು ನಾನು ಇಸಿದುಕೊಂಡೆ. ಆಗ ಫಕೀರೇಶ ಮೆಲ್ಲಗೆ ಕೇಳಿದ. "ಮಾಮಾ, ಯವ್ವ ಖರೇ ಕಟ್ಟ್ಯಾಳೇನು?"

"ಕಟ್ಟ್ಯಾಳ. ಯಾಕ?"

"ಅಯ್ಯೋ ಮಾಮಾ, ಅವ್ರು ಗೆಲ್ಲಬೇಕು! ಅವ್ರು ಗೆದ್ರನ ನಾವು ಏಷ್ಯಾಕ್ಕ ಹೋಗೋದು!"

ನನಗೆ ಏನೂ ತಿಳಿಯಲಿಲ್ಲ. ಹುಬ್ಬು ಒಡೆದವನು ಗೆದ್ದರೆ ನಮಗೆ ಲಾಭವೇ? ಅವನು ಬಿಡಿಸಿ ಹೇಳಿದ. ಏಷ್ಯಾ ಖಂಡದ ದೇಶದೇಶಗಳ ಕ್ಲಬ್ಬುಗಳೆಲ್ಲ ಆಡುವ ದೊಡ್ಡ ಪಂದ್ಯಾವಳಿ ಇದೆ. ಅದಕ್ಕೆ ಈ ಸಲ ಇಲ್ಲಿಂದ ಎರಡು ಜಾಗ. ಒಂದು ಲೀಗಿನಲ್ಲಿ ಮೊದಲು ಬಂದವರಿಗೆ, ಅದು ದಾಳಿಂಬರಿಯವರ ಪಾಲಾಗಿದೆ. ಇನ್ನೊಂದು ಕಪ್ಪು ಗೆದ್ದವರಿಗೆ. ಅರಿಷಿಣದವರು ಗೆದ್ದರೆ ಆ ಜಾಗ ಅವರದು, ಕಥೆ ಮುಗಿಯಿತು. ಆದರೆ ದಾಳಿಂಬರಿಯವರೇ ಕಪ್ಪನ್ನೂ ಗೆದ್ದರೆ ಒಬ್ಬರಿಗೇ ಎರಡು ಜಾಗ ಕೊಡುವಂತಿಲ್ಲ. ಮಿಕ್ಕಿದ ಜಾಗ ಲೀಗಿನಲ್ಲಿ ಎರಡನೆಯವರಿಗೆ ಇಳಿಯುತ್ತದೆ. ಎರಡನೆಯವರು ಗಿಣಿಹಸಿರಿನವರು. ಮೈದಾನ, ಲೈಸೆನ್ಸಿನ ಕಾಗದಪತ್ರ ಎಲ್ಲ ನಮ್ಮ ಕ್ಲಬ್ಬಿನದು ಸರಿ ಇವೆ, ಆ ಒಂದು ಫಲಿತಾಂಶ ಮಾತ್ರ ಬೇಕು ಎಂದ.

"ಕೋಚ್ ಹೇಳಿಬಿಟ್ಟಾರ ಮಾಮಾ. ಏಷ್ಯಾಕ್ಕ ಹೋದ್ರ ಅನುಭವ ಇದ್ದಾಂವ ಬೇಕು, ಇನ್ನೊಂದು ವರ್ಷ ನನ್ನ ಇಟ್ಕೋತಾರ. ಇಲ್ಲಂದ್ರ ಇಲ್ಲಿಗೇ ಕೈಗವಸು ಬಿಚ್ಚಿಡೋದು. ಹನ್ನೊಂದು ವರ್ಷ ಬೆಂಚಿನ ಮ್ಯಾಲ ಕುಂತೀನಿ. ಒಂದ ಒಂದು ಸಲ ಬ್ಯಾರೆ ದೇಶದಾಗ ಗೋಲಿನಾಗ ನಿಂದ್ರಬೇಕಂತ ಆಸೆ."

ಅಕ್ಕನಿಗೆ ಇದನ್ನು ಹೇಗೆ ತಿಳಿಸುವುದು? ನನಗೆ ಗೊತ್ತಿರುವುದು ಬಸ್ಸು. "ಒಬ್ಬನ ಹೆಸರಿಗೆ ಎರಡು ಸೀಟು ರಿಸರ್ವ್ ಆದ್ವು ಅನಕೋ. ಅಂವ ಒಂದರಾಗ ಕುಂಡ್ರತಾನ. ಇನ್ನೊಂದು ಸೀಟು, ಬಾಗಿಲ ಹತ್ರ ಮೊದಲು ನಿಂತಾಂವಗ ಕೊಡಬೇಕು. ನಿಂತಾಂವ ನಮ್ಮ ಫಕೀರ್ಯಾ" ಎಂದೆ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಲಾಳಿ ಕೈಯಿಂದ ಜಾರಿ ಕೆಳಗೆ ಬಿತ್ತು.

"ಹಂಗಾರ ನಾ ನನ್ನ ಮಗನ ಸೀಟಿಗೆ ಕಲ್ಲು ಹಾಕೀನಿ ಅನ್ನು" ಎಂದಳು.

ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಮುಡಿಪು ಬಿಚ್ಚಿಬಿಡು ಎಂದೆ. "ಹರಕಿ ಅಂದ್ರ ನೂಲೇನಲೇ, ಬ್ಯಾಡಾದಾಗ ಬಿಚ್ಚಿ ತಿರುಗಿ ಸುತ್ತಾಕ? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಎಂದಳು. ದಾರಿ ಒಂದೇ ಇತ್ತು. ಶಿರಹಟ್ಟಿಗೆ ಹೋಗಿ ತಪ್ಪುಕಾಣಿಕೆ ಇಡುವುದು. ನಮ್ಮ ಮನೆತನದಲ್ಲಿ ಅದಕ್ಕೊಂದು ಪದ್ಧತಿ ಇದೆ. ಕಾಣಿಕೆ ಇಡುವ ಮುಂಚೆ ಗುರುತಿಲ್ಲದ ಒಬ್ಬ ಹಿರಿಯರ ಎದುರು ತಪ್ಪೇನೆಂದು ಬಾಯಿಬಿಟ್ಟು ಹೇಳಬೇಕು. ಅವರು ತಿಳಿದುಕೊಂಡು "ಆತು, ಇಡು" ಎಂದ ಮೇಲೆಯೇ ಇಡಬೇಕು. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದಳು.

ಶನಿವಾರವೇ ಹೋಗಿಬಿಡೋಣ ಎಂದಳು ಅಕ್ಕ. ಶನಿವಾರ ನನಗೆ ಪಿಂಚಣಿಯವರ ಸಂಘದ ಸಭೆ ಇತ್ತು. "ಫೈನಲ್ ಐತಿ ಆದಿತ್ಯವಾರ ರಾತ್ರಿ ಏಳೂವರಿಗೆ. ಮಧ್ಯಾಹ್ನದ ಬಸ್ಸಿಗೆ ಹೋದ್ರ ಸಾಕು, ಆಟ ಚಾಲೂ ಆಗೂದ್ರಾಗ ಅಜ್ಜಗ ತಿಳಿಸಿ ಕೈ ಮುಗದು ಬರ್ತೀವಿ" ಎಂದೆ. ಏಳೂವರೆ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಫೈನಲ್ಲುಗಳು ಏಳೂವರೆಗೇ ಇರುತ್ತವೆ, ಅದನ್ನು ಕೇಳುವುದೇನು ಎಂಬ ಧಿಮಾಕು.

ಭಾನುವಾರ ಮೂರು ಗಂಟೆಯ ಬಸ್ಸು ಹತ್ತಿದೆವು. ಅಕ್ಕ ಕಿಟಕಿಗೆ ಕೂತು ಸೆರಗಿನಲ್ಲಿ ಮುಡಿಪನ್ನು ಹಿಡಿದುಕೊಂಡಿದ್ದಳು. ಮುಳಗುಂದ ದಾಟಿದ ಮೇಲೆ ಸಟಕ್ಕನೆ ಹೇಳಿದಳು.

"ಚನ್ನ್ಯಾ, ನಿನಗೊಂದು ಮಾತು ಹೇಳಿಲ್ಲ. ಯಾರಿಗೂ ಹೇಳಿಲ್ಲ. ಅವತ್ತು ಅವ್ರು ಕುಸ್ತಿಗೆ ಹೊಂಟಾಗ ನಾ ಜಗಳಾ ತಗದಿದ್ದೆ. ಮಗ್ಗದಾಗಿನ ಹಾಸು ಅರ್ಧಕ್ಕ ಬಿಟ್ಟು ಹೊಂಟಿದ್ರು, ಹಬ್ಬಕ್ಕ ಕೊಡೂ ಸೀರಿ. ಬಾಗಿಲಾಗ ನಿಂತು ಅಂದೆ, ಹೋಗು, ಹೋದಾಂವ ತಿರುಗಿ ಬರಬ್ಯಾಡ ಅಂತ. ಅವ್ರು ನಕ್ಕೋಂತ ಹೋದ್ರು. ತಿರುಗಿ ಬರಲಿಲ್ಲ."

ನಾನು ಗಡಿಯಾರ ನೋಡಿಕೊಂಡೆ. ಮೂರೂ ಮೂವತ್ತೆಂಟು.

"ಆವತ್ತಿನಿಂದ ನನ್ನ ಬಾಯಿಗೆ ನಾನ ಅಂಜತೀನಿ. ಮಂದಿ ಬಂದು ಹರಕಿ ಹೊರು ಅಂತಾರ, ಹೊರ್ತೀನಿ. ಆಗತೈತಿ. ಆದಾಗೊಮ್ಮೆ ಎದಿ ಧಸಕ್ಕಂತೈತಿ. ಇದು ಆತಂದ್ರ ಅದೂ ನನ್ನ ಬಾಯಿಂದನ ಆಗಿದ್ದು ಅಂತ. ಇಪ್ಪತ್ತಾರು ವರ್ಷ ಆತು. ಇವತ್ತ ಅರಿಷಿಣದವ್ರು ಗೆದ್ರಂದ್ರ, ಗಂಡನ್ನ ತಿಂದ ಬಾಯಿ ಮಗನ್ನೂ ತಿಂತು ಅನ್ನೋದು ಗ್ಯಾರಂಟಿ ಆತು."

"ಹುಚ್ಚಿ ಇದ್ದೀಯೇನು? ಲಾರಿ ಹಾಯ್ದದ್ದು ಅದು! ಡ್ರೈವರ್ ನಿದ್ದಿಗಣ್ಣಿನಾಗ ಇದ್ದ, ಕೋರ್ಟಿನಾಗ ಸಾಬೀತಾಗೇತಿ!" ಎಂದು ನಾನು ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಪೇಢೆ ತಂದವರೆದುರು ಅವಳು ಯಾಕೆ ಮುಖ ಸಣ್ಣ ಮಾಡುತ್ತಿದ್ದಳು ಎಂದು ನನಗೆ ಆಗ ತಿಳಿಯಿತು, ಇಷ್ಟು ವರ್ಷ ರೇಗಿದ್ದಕ್ಕೆ ನನ್ನ ಮೇಲೇ ನನಗೆ ನಾಚಿಕೆಯಾಯಿತು. ಆಗ ನನಗೂ ಭಯ ಹಿಡಿಯಿತು. ನಾನು ಹರಕೆ ಗಿರಕೆ ನಂಬುವವನಲ್ಲ, ಆದರೆ ಇವಳ ಹರಕೆ ಇದುವರೆಗೆ ಒಂದೂ ಸುಳ್ಳಾಗಿದ್ದು ನನಗೆ ನೆನಪಿರಲಿಲ್ಲ.

ಫಕೀರಜ್ಜನ ಮಠ ಮುಟ್ಟಿದಾಗ ನಾಲ್ಕೂ ಹದಿನೈದು. ದೇವರ ಹತ್ತಿರ ಫೋನು ಕುಂಯ್‌ಗುಡುವುದು ನನಗೆ ಆಗದು, ಬಂದ್ ಮಾಡಿ ಜೇಬಿನಲ್ಲಿಟ್ಟೆ. ಅಂಗಳದ ನೆರಳಿನಲ್ಲಿ ಒಬ್ಬ ಮುದುಕ ರುಮಾಲು ಸುತ್ತಿಕೊಂಡು ಕೂತಿದ್ದ. ಎಂಬತ್ತು ದಾಟಿರಬೇಕು. ಹೆಸರು ಹೊಳೆಯಪ್ಪ, ಊರು ಮಾಗಡಿ. ಅಕ್ಕ ಅವನ ಎದುರು ಕೂತು, ತಪ್ಪು ಕೇಳಿಸಿಕೊಳ್ಳಬೇಕು ಯಜ್ಜಾ ಎಂದಳು.

"ಹೇಳವ್ವಾ. ನನಗೇನು ಬ್ಯಾರೆ ಉದ್ಯೋಗ ಐತಿ?"

ಅವಳು ಹೇಳಿದಳು. ನನ್ನ ಬಸ್ಸು ಸೀಟು ಎಲ್ಲ ಬಿಟ್ಟು ತನ್ನದೇ ರೀತಿಯಲ್ಲಿ. "ಏಷ್ಯಾ ಅನ್ನೂದು ಒಂದು ದೊಡ್ಡ ಪಂಕ್ತಿ ಅನಕೋರಿ. ಇಲ್ಲಿಂದ ಎರಡ ಎಲಿ. ಒಂದು ಎಲಿ ವರ್ಷಪೂರ್ತಿ ದುಡದಾಂವಗ, ಒಂದು ಎಲಿ ಕುಸ್ತಿ ಗೆದ್ದಾಂವಗ. ದುಡದಾಂವನ ಕುಸ್ತೀನೂ ಗೆದ್ರ, ಒಬ್ಬನ ಮುಂದ ಎರಡು ಎಲಿ ಹಾಕಾಕ ಬರೂದಿಲ್ಲ. ಖಾಲಿ ಎಲಿ ದುಡಿಯೂದ್ರಾಗ ಎರಡನೇ ನಂಬರ್ ಬಂದಾಂವಗ. ಆ ಎರಡನೇದಾಂವ ನನ್ನ ಮಗನ ಕಡೆಯಾಂವ."

"ಆತು. ಎರಡನೇ ಎಲಿಗೆ ಕುಸ್ತ್ಯಾಗ ಸೋತಾಂವ ಬಂದು ತಕರಾರು ತಗದ್ರ?"

"ಅಂವಗ ಇಲ್ರಿ. ಅಂವ ಸೋತಾಂವ."

"ನ್ಯಾಯ ಐತಿ." ಮುದುಕ ತಲೆಯಾಡಿಸಿದ. ಹೂ ಮಾರುವವಳು ಬುಟ್ಟಿ ಸಮೇತ ಬಂದು ಕೂತಳು. ಇನ್ನಿಬ್ಬರು ರೈತರು ನಿಂತು ಕೇಳತೊಡಗಿದರು. ಒಬ್ಬ, "ಅಲ್ರಿ, ಆ ಏಳನೇ ನಂಬರದವ್ರು ಕುಸ್ತಿ ಗೆದ್ರ ಸೀದಾ ಪಂಕ್ತಿಗೇನು? ವರ್ಷಪೂರ್ತಿ ದುಡದಾಂವ ಹೊರಗ ನಿಂದ್ರೂದು?" ಎಂದು ಸಿಟ್ಟಾದ. ಇನ್ನೊಬ್ಬ ಕುಸ್ತಿಯ ಪರ ನಿಂತ. ಗೆದ್ದದ್ದು ಗೆದ್ದದ್ದೇ, ಏಳಾದರೇನು ಎಪ್ಪತ್ತಾದರೇನು ಎಂದ. ಹತ್ತು ನಿಮಿಷ ಅವರಿಬ್ಬರದೇ ನಡೆಯಿತು. ಹೊಳೆಯಪ್ಪನಿಗೆ ಬೇರೆ ಸಂಶಯ.

"ಅಲ್ಲವ್ವಾ, ಏಷ್ಯಾದಿಂದ ನಮ್ಮ ಮಾಗಡಿ ಕೆರಿಗೆ ವರ್ಷಾ ಹಕ್ಕಿ ಬರ್ತಾವ. ಅವು ಯಾವ ಕಪ್ಪು ಗೆದ್ದು ಬರ್ತಾವ?"

ಎಲ್ಲರೂ ನಕ್ಕರು, ಅಕ್ಕನೂ. ನಾನು ಮಾತ್ರ ಗಡಿಯಾರ ನೋಡಿದೆ. ಐದೂ ಐದು. ಇರಲಿ, ಏಳೂವರೆಗೆ ಇನ್ನೂ ಹೊತ್ತಿದೆ ಎಂದುಕೊಂಡೆ.

ಈಗ ಮುದುಕ ನಿಜವಾದ ವಿಚಾರಣೆಗೆ ಇಳಿದ. "ನೀ ಯಾರ ಸೋಲು ಬೇಡಿದ್ದಿ?"

"ದಾಳಿಂಬರಿಯವ್ರದು."

"ಈಗ ಯಾರ ಗೆಲುವು ಬೇಕು?"

"ಅವ್ರದ ರಿ."

"ಅವ್ರು ನಿನ್ನ ಮಗನ ಹುಬ್ಬು ಒಡದವ್ರು."

"ಹೌದ್ರಿ."

"ಅವ್ರಿಗೆ ಒಳ್ಳೇದಾಗಲಿ ಅಂತ ಅಜ್ಜನ ಮುಂದ ಬೇಡ್ತಿ?"

"ಬೇಡ್ತೀನ್ರಿ" ಎಂದಳು ಅಕ್ಕ. ಹಲ್ಲು ಕಚ್ಚಿ ಹೇಳಿದ್ದು ನಾಲ್ಕು ಮಾರು ದೂರದಲ್ಲಿದ್ದ ನನಗೂ ಕಂಡಿತು.

"ಹೀಂಗ ಹಲ್ಲು ಕಡಕೊಂತ ಬೇಡಿದ್ರ ಮುಟ್ಟೂದಿಲ್ಲ. ಆ ಮೊಣಕೈ ಹಾಕಿದಾಂವಗೂ ಒಬ್ಬ ತಾಯಿ ಅದಾಳ. ಅಕೀನೂ ಎಲ್ಲೋ ಕುಂತು ಮಗ ಗೆಲ್ಲಲಿ ಅಂತ ಬೇಡಾಕತ್ತಿರ್ತಾಳ. ಅಕಿ ಬೇಡಿದ್ದಂಗ ಬೇಡಾಕ ಬರ್ತತೇನು ನಿನಗ? ಬಂದ್ರ ಇಡು. ಬರೂತನಾ ನಾ ಆತು ಅನ್ನೂದಿಲ್ಲ."

ಎಂಥ ಮುದುಕ ಗಂಟು ಬಿದ್ದನಪ್ಪ ಎಂದು ನನಗೆ ಮೈ ಉರಿಯಿತು. ಬೇರೆ ಯಾರನ್ನಾದರೂ ಹುಡುಕೋಣ ನಡಿ ಎಂದೆ. ಅಕ್ಕ ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿದಳು. ಕಣ್ಣು ಮುಚ್ಚಿ ಕೂತಳು. ಮುಕ್ಕಾಲು ತಾಸಿಗೂ ಹೆಚ್ಚು ಕೂತಳು. ಹೂವಿನವಳು ಎದ್ದು ಹೋದಳು, ರೈತರು ಎದ್ದು ಹೋದರು. ನಾನು ಎರಡು ಸಲ ಅಂಗಳ ಸುತ್ತಿ ಬಂದೆ. ಕೊನೆಗೆ ಅವಳು ಕಣ್ಣು ತೆರೆದು, "ಆ ಹುಡುಗನೂ ಬೇಕಂತ ಮೊಣಕೈ ಹಾಕಿರಲಿಕ್ಕಿಲ್ರಿ. ಚೆಂಡಿನ ಮ್ಯಾಲ ಕಣ್ಣಿತ್ತು. ಗೆಲ್ಲಲಿ ಪಾಪ" ಎಂದಳು. ಈ ಸಲ ಅವಳ ಧ್ವನಿ ಬೇರೆ ಇತ್ತು.

"ಆತು. ಇಡು" ಎಂದ ಹೊಳೆಯಪ್ಪ.

ಕಾಲು ತೊಳೆದು ಒಳಗೆ ಹೋಗಿ, ಅಕ್ಕ ಗದ್ದಿಗೆಯ ಮುಂದೆ ಮುಡಿಪಿಟ್ಟು ಹಣೆ ಮಣಿಸಿದಳು. ನಾನು ಗಡಿಯಾರ ನೋಡಿದೆ. ಆರೂ ಹನ್ನೆರಡು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಫೋನು ಚಾಲೂ ಮಾಡಿದೆ. ಶಮಶಾದಬಿಯ ಹದಿನಾಲ್ಕು ಕರೆ ಬಂದುಹೋಗಿವೆ ಎಂದು ಮೆಸೇಜು ಬಂತು. ನಾನು ಒತ್ತುವ ಮುಂಚೆಯೇ ಮತ್ತೆ ಅವಳದೇ ಬಂತು.

"ಎಲ್ಲಿ ಹಾಳಾಗಿ ಹೋಗಿದ್ರಿ ನೀವು? ಗೆದ್ರು! ದಾಳಿಂಬರಿಯವ್ರು ಗೆದ್ರು! ಒಂದು ಸೊನ್ನಿ! ಫಕೀರೇಶ ಅಳಾಕತ್ತಾನ ಫೋನಿನಾಗ, ಏಷ್ಯಾಕ್ಕ ಹೊಂಟೆ ಅಂತ ಅಳಾಕತ್ತಾನ!"

"ಏನಂತಿ? ಆಟ ಇನ್ನೂ ಚಾಲೂ ಆಗಿಲ್ಲಲಾ? ಏಳೂವರಿಗೆ ಐತಿ!"

"ಯಾವ ಏಳೂವರಿ ಅಣ್ಣಾರ? ಆ ಮೈದಾನದ ಲೈಟ್ ಕೆಟ್ಟಾವಂತ, ನಾಲ್ಕಕ್ಕ ಚಾಲೂ ಮಾಡಿದ್ರು. ಆರಕ್ಕ ಹತ್ತು ಮಿನಿಟ್ ಕಮ್ಮಿ ಇದ್ದಾಗ ಸೀಟಿ ಊದಿದ್ರು. ಆವಾಗಿಂದ ನಿಮಗ ಹಚ್ಚಾಕತ್ತೀನಿ!"

ನಾನು ಮೆಟ್ಟಿಲ ಮೇಲೆ ಹಿಂದಕ್ಕೆ ಒರಗಿಬಿಟ್ಟೆ. ಹುಡುಗ ಉಳಿದ. ಹನ್ನೊಂದು ವರ್ಷ ಬೆಂಚು ಕಾದವನಿಗೆ ಇನ್ನೊಂದು ವರ್ಷ ಗೋಲು ಕಾಯುವ ಯೋಗ ಬಂತು. ಅಕ್ಕಾ, ಗೆದ್ದರು, ಫಕೀರ್ಯಾ ಏಷ್ಯಾಕ್ಕೆ ಹೊರಟ ಎಂದು ಕೂಗಿ ಹೇಳಿದೆ. ಅವಳು ಎರಡೂ ಕೈ ಎತ್ತಿ ಗದ್ದಿಗೆಯ ಕಡೆ ಮುಗಿದಳು. "ತಪ್ಪುಕಾಣಿಕಿ ಮುಟ್ಟಿತಪಾ ಅಜ್ಜಗ" ಎಂದಳು.

ನನ್ನ ಬಾಯಿ ಸುಮ್ಮನಿರುವ ಜಾತಿಯದೇ? "ಎಲ್ಲಿಂದ ಮುಟ್ಟತೈತಿ? ನೀ ಮುಡಿಪು ಇಡೂದ್ರಾಗ ಆಟ ಮುಗದು ಇಪ್ಪತ್ತೆರಡು ಮಿನಿಟ್ ಆಗಿತ್ತು" ಎಂದುಬಿಟ್ಟೆ.

ಅಕ್ಕ ನನ್ನ ಕಡೆ ತಿರುಗಿದಳು. "ಏನಂದಿ?"

"ಆಟ ಮುಗದದ್ದು ಆರಕ್ಕ ಹತ್ತು ಕಮ್ಮಿ. ನೀ ಇಟ್ಟದ್ದು ಆರೂ ಹನ್ನೆರಡು. ನಾ ಗಡಿಯಾರ ನೋಡೀನಿ."

"ಖರೇ ಹೇಳು ಚನ್ನ್ಯಾ. ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಟೈಮ್ ಬರದಾಂವ ನಾ. ಟೈಮಿನಾಗ ಸುಳ್ಳು ಹೇಳೂದಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. ಬೆರಳು ಮಡಚಿ ಏನೋ ಹೊಂದಿಸಿಕೊಳ್ಳುತ್ತಿದ್ದಳು. ಆಮೇಲೆ ಒಂದೊಂದೇ ಮಾತು ಕೇಳಿದಳು.

"ಹಂಗಾರ ಅವ್ರು ಆಡೂಮುಂದ ನನ್ನ ಹರಕಿ ಹಂಗ ಇತ್ತು. ಬಿಡಿಸಿದ್ದಿಲ್ಲ."

"ಹೌದು, ಬಿಡಿಸಿದ್ದಿಲ್ಲ."

"ಸೋತು ಮಣ್ಣು ಮುಕ್ಕಲಿ ಅಂತ ಬಾಯಿಬಿಟ್ಟು ಅಂದಿದ್ದೆ."

"ಅಂದಿದ್ದಿ. ನಾನ ಕೇಳೀನಿ."

"ಆದ್ರೂ ಗೆದ್ರು."

"ಗೆದ್ರು ಅಕ್ಕಾ. ನಿನ್ನ ಬಾಯಿ ಮಾತು ನಡೀಲಿಲ್ಲ. ನೀ ಅಂದದ್ದಕ್ಕ ಆಗೂದೂ ಅಲ್ಲ, ಹೋಗೂದೂ ಅಲ್ಲ. ಅವ್ರು ಛಲೋ ಆಡಿದ್ರು, ಗೆದ್ರು."

ಆಮೇಲೆ ಅವಳು ಅತ್ತಳು. ಗಂಡ ಸತ್ತಾಗ ಹದಿಮೂರು ದಿನ ಸದ್ದಿಲ್ಲದೆ ಕೂತಿದ್ದ ನನ್ನ ಅಕ್ಕ ಮಠದ ಮೆಟ್ಟಿಲ ಮೇಲೆ ಜನ ನೋಡುತ್ತಾರೆಂಬ ಪರಿವೆ ಇಲ್ಲದೆ, ಎದೆ ಬಿಚ್ಚಿ, ದನಿ ತೆಗೆದು ಅತ್ತಳು. ನಾನೂ ಅತ್ತೆ, ಹೇಳಲು ನಾಚಿಕೆಯೇನಿಲ್ಲ. ಹೊಳೆಯಪ್ಪ ಕೋಲೂರಿಕೊಂಡು ಗಾಬರಿಯಾಗಿ ಬಂದ.

"ಏನಾತವ್ವಾ? ಸೋತ್ರೇನು?"

"ಇಲ್ರಿ ಯಜ್ಜಾ, ಗೆದ್ರು" ಎಂದೆ ನಾನು.

"ಗೆದ್ರ ಹೀಂಗ ಅಳ್ತಾರೇನು?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ನೋಡಿದಳು. ಅವಳ ಮುಖ ಹಗುರವಾಗಿತ್ತು, ಮದುವೆಯಾಗಿ ಬಂದ ಹೊಸದರಲ್ಲಿ ಹಾಗೆ ಇದ್ದದ್ದು ನನಗೆ ನೆನಪಿದೆ. ಗಂಡನ ಹೆಸರನ್ನು ಅವಳ ಬಾಯಲ್ಲಿ ನಾನು ಅಂದಿನವರೆಗೆ ಒಮ್ಮೆಯೂ ಕೇಳಿರಲಿಲ್ಲ.

"ಗವಿಸಿದ್ದಪ್ಪ ಅಂತ ನನ್ನ ಗಂಡ ಇದ್ದನ್ರಿ ಯಜ್ಜಾ" ಎಂದಳು ಅವಳು. "ಲಾರಿ ಹಾಯ್ದು ಸತ್ತ."